ಡಬ್ಬಿಯ ಮೇಲೆ ಇಲ್ಲದ ತಾರೀಖು

ಹೊಸ ಮೊಬೈಲಿನ ಡಬ್ಬಿಯನ್ನು ಪೂರ್ತಿ ಓದುವವರು ಕಡಿಮೆ. ಓದಿದರೆ ಬೇಕಾದಷ್ಟು ವಿವರ ಸಿಗುತ್ತದೆ. ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ, ತಯಾರಾದ ದೇಶ, ಐಎಂಇಐ ಸಂಖ್ಯೆ, ದೂರು ಕೊಡಬೇಕಾದ ವಿಳಾಸ. ಇವುಗಳಲ್ಲಿ ಹೆಚ್ಚಿನವನ್ನು ಅಚ್ಚು ಹಾಕಲೇಬೇಕೆಂದು ನಮ್ಮ ಕಾನೂನೇ ಹೇಳುತ್ತದೆ. ಆದರೆ ಕೊಳ್ಳುವವರಿಗೆ ತೀರಾ ಅಗತ್ಯವಾದ ಒಂದು ವಿಷಯ ಅಲ್ಲಿರುವುದಿಲ್ಲ. ಈ ಫೋನಿಗೆ ಕಂಪನಿ ಯಾವ ವರ್ಷದ ಯಾವ ತಿಂಗಳವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತದೆ? ಮಾತ್ರೆಯ ಪಟ್ಟಿಯ ಮೇಲೆ ಎಕ್ಸ್‌ಪೈರಿ ತಾರೀಖು ಕಾಣದಿದ್ದರೆ ಮೆಡಿಕಲ್ ಸ್ಟೋರಿನವರನ್ನು ನಾವು ಸುಮ್ಮನೆ ಬಿಡುವುದಿಲ್ಲ. ಹದಿನೈದು ಇಪ್ಪತ್ತು ಸಾವಿರ ಎಣಿಸಿಕೊಟ್ಟು ತರುವ ಫೋನಿನ ಬಗ್ಗೆ ಮಾತ್ರ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಅಂಗಡಿಯಲ್ಲಾಗಲಿ ಯೂಟ್ಯೂಬಿನಲ್ಲಾಗಲಿ, ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ಶುರುವಾಗುವುದು ಕ್ಯಾಮೆರಾ ಮಾತು. ಇದು 50 ಮೆಗಾಪಿಕ್ಸೆಲ್, ಅದು 108, ಇನ್ನೂ ದುಬಾರಿಯದು 200. ಆದರೆ 108 ಮೆಗಾಪಿಕ್ಸೆಲ್ ಫೋನಿನಲ್ಲಿ ಸೆಟ್ಟಿಂಗ್ ಮುಟ್ಟದೆ ತೆಗೆದ ಚಿತ್ರ ಸಾಮಾನ್ಯವಾಗಿ 12 ಮೆಗಾಪಿಕ್ಸೆಲ್‌ನದೇ ಆಗಿರುತ್ತದೆ. ಒಂಬತ್ತು ಪುಟ್ಟ ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ದೊಡ್ಡದಾಗಿ ಬಳಸುವ ವಿಧಾನ ಅದು. 50ರದ್ದು ನಾಲ್ಕನ್ನು ಸೇರಿಸುತ್ತದೆ, 200ರದ್ದು ಹದಿನಾರನ್ನು. ಮಂದ ಬೆಳಕಿನಲ್ಲೂ ಚಿತ್ರ ಚೆನ್ನಾಗಿ ಬರಲೆಂದು ಕಂಡುಕೊಂಡ ಒಳ್ಳೆಯ ಉಪಾಯವೇ. ಕೊನೆಗೆ ಕೈಗೆ ಬರುವುದು ಮಾತ್ರ ಮೂರರಿಂದಲೂ ಹೆಚ್ಚುಕಡಿಮೆ ಒಂದೇ ಗಾತ್ರದ ಚಿತ್ರ. ಸೆನ್ಸರ್ ಎಷ್ಟು ದೊಡ್ಡದು, ಲೆನ್ಸ್ ಎಂಥದ್ದು, ಕೈ ನಡುಗಿದರೆ ಸರಿದೂಗಿಸುವ ಓಐಎಸ್ ಇದೆಯೇ ಎಂಬುದರ ಮೇಲೆ ಚಿತ್ರದ ಗುಣ ನಿಂತಿದೆ. ಕಡಿಮೆ ಬೆಲೆಯ ಫೋನಿನ ಹಿಂಬದಿಯಲ್ಲಿ ಮೂರು ಕಣ್ಣು ಕಂಡರೂ ಅವುಗಳಲ್ಲಿ ಎರಡು ಬರೀ 2 ಮೆಗಾಪಿಕ್ಸೆಲ್‌ನವು ಆಗಿರುವುದುಂಟು.

ರ‍್ಯಾಮ್ ಕಥೆಯೂ ಹೀಗೆಯೇ. 16 ಜಿಬಿ ಎಂದು ದಪ್ಪಕ್ಷರದಲ್ಲಿ, ಕೆಳಗೆ 8+8 ಎಂದು ಸಣ್ಣಕ್ಷರದಲ್ಲಿ. ಎರಡನೆಯ 8 ಫೋನಿನ ಸ್ಟೋರೇಜಿನಿಂದ ಎರವಲು ತಂದದ್ದು, ನಿಜವಾದ ರ‍್ಯಾಮಿಗಿಂತ ಎಷ್ಟೋ ಪಟ್ಟು ನಿಧಾನ. ವೇಗ ಅಳೆಯುವ ಆ್ಯಪ್‌ಗಳ ಅಂಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2022ರ ಮಾರ್ಚಿನಲ್ಲಿ ಗೀಕ್‌ಬೆಂಚ್ ತನ್ನ ಪಟ್ಟಿಯಿಂದ ಸ್ಯಾಮ್‌ಸಂಗ್ ಎಸ್ ಸರಣಿಯ ಎಸ್10ರಿಂದ ಎಸ್22ರವರೆಗಿನ ಫೋನುಗಳನ್ನು ತೆಗೆದುಹಾಕಿತು. ಆಟ ಮತ್ತಿತರ ಆ್ಯಪ್‌ಗಳು ನಡೆಯುವಾಗ ವೇಗ ತಗ್ಗಿಸಿ, ಪರೀಕ್ಷೆಯ ಆ್ಯಪ್ ನಡೆಯುವಾಗ ಮಾತ್ರ ತಗ್ಗಿಸದೆ ಬಿಡುವ ಏರ್ಪಾಡು ಅವುಗಳಲ್ಲಿತ್ತು. ಅದರ ಹಿಂದಿನ ವರ್ಷ ಒನ್‌ಪ್ಲಸ್ 9 ಫೋನುಗಳಿಗೂ ಇದೇ ಗತಿ ಬಂದಿತ್ತು.

ಇತ್ತೀಚೆಗೆ ತಂಗಿಗೆ ಫೋನ್ ಕೊಡಿಸಲು ತುಮಕೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಆಕೆ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಹಾಜರಾತಿ, ತೂಕ, ಎತ್ತರ ಎಲ್ಲವೂ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಹೋಗಬೇಕು. 2025ರ ಜುಲೈಯಿಂದ ಮನೆಗೆ ಒಯ್ಯುವ ಆಹಾರ ಕೊಡುವಾಗ ಗರ್ಭಿಣಿ, ಬಾಣಂತಿಯರ ಮುಖವನ್ನೂ ಕ್ಯಾಮೆರಾಕ್ಕೆ ತೋರಿಸಿ ದಾಖಲಿಸಬೇಕು. ಫೋನ್ ಕೈಕೊಟ್ಟರೆ ಕೆಲಸ ನಿಲ್ಲುತ್ತದೆ, ಎದುರಿಗೆ ಕೂತ ತಾಯಿ ಕಾಯಬೇಕಾಗುತ್ತದೆ. ಅಂಗಡಿಯ ಹುಡುಗ ಮೂರು ಫೋನ್ ತೆಗೆದಿಟ್ಟು, "ಮೇಡಂ, ಇದರ ಕರ್ವ್ಡ್ ಡಿಸ್‌ಪ್ಲೇ ನೋಡಿ, ಈ ರೇಟಿಗೆ ಬೇರೆ ಯಾವುದ್ರಲ್ಲೂ ಬರಲ್ಲ" ಎಂದ. ತಂಗಿ ಅವನ್ನು ಒಂದೊಂದಾಗಿ ಎತ್ತಿಕೊಂಡು ಅಂಗಡಿಯ ಮೆಟ್ಟಿಲಿಗೆ ಹೋದಳು. ಮಧ್ಯಾಹ್ನದ ಬಿಸಿಲಿಗೆ ಹಿಡಿದು ಅಕ್ಷರ ಕಾಣುತ್ತದೆಯೇ ಎಂದು ನೋಡಿದಳು. ಒಳಗೆ ಬಂದು, ಟ್ಯೂಬ್‌ಲೈಟ್ ಬೆಳಕು ಬೀಳದ ಮೂಲೆಯಲ್ಲಿ ನನ್ನನ್ನು ನಿಲ್ಲಿಸಿ ಮೂರರಲ್ಲೂ ನನ್ನ ಮುಖದ ಚಿತ್ರ ತೆಗೆದಳು. "ಅಣ್ಣಾ, ನಮ್ಮ ಕೇಂದ್ರದ ಒಳಗೆ ಬೆಳಕು ಸಾಲಲ್ಲ, ಹೊರಗೆ ಬಂದ್ರೆ ಉರಿಬಿಸಿಲು. ಎರಡು ಕಡೆನೂ ಮುಖ ಕಾಣ್ಬೇಕು" ಎಂದಳು. ನಾನು ನೋಡಿದ ಯಾವ ರಿವ್ಯೂ ವಿಡಿಯೊದಲ್ಲೂ ಇಷ್ಟು ಸರಿಯಾದ ಪರೀಕ್ಷೆ ನಡೆದದ್ದು ನೆನಪಿಲ್ಲ.

ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದು ಹುಡುಗನನ್ನು ಕೇಳಿದೆ. ಅವನು ಡಬ್ಬಿಯ ನಾಲ್ಕೂ ಬದಿ ತಿರುಗಿಸಿ ನೋಡಿದ, ಪಕ್ಕದ ಕೌಂಟರಿನವರನ್ನು ಕೇಳಿದ, ಕೊನೆಗೆ "ಬರ್ತಾ ಇರುತ್ತೆ ಸರ್" ಎಂದ. ಅವನ ತಪ್ಪಲ್ಲ. ಮೆಗಾಪಿಕ್ಸೆಲ್ ಬಾಯಿಪಾಠ ಮಾಡಿಸಿದ ಕಂಪನಿ ಇದನ್ನು ಅವನಿಗೆ ಹೇಳಿಕೊಟ್ಟಿರಲಿಲ್ಲ. ನಾವೇ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ತೆರೆದು, ಸೆಕ್ಯುರಿಟಿ ಅಪ್‌ಡೇಟ್ ಎಂಬಲ್ಲಿದ್ದ ತಾರೀಖು ನೋಡಿದೆವು. ಒಂದರಲ್ಲಿ ಹಿಂದಿನ ತಿಂಗಳದ್ದು, ಮತ್ತೊಂದರಲ್ಲಿ ಅರ್ಧ ವರ್ಷ ಹಳೆಯದು. ಪ್ರದರ್ಶನಕ್ಕಿಟ್ಟ ಫೋನಿಗೆ ನೆಟ್ ಇಲ್ಲದಿದ್ದರೆ ತಾರೀಖು ಹಿಂದುಳಿದಿರಬಹುದು, ಅಷ್ಟಕ್ಕೇ ತೀರ್ಪು ಕೊಡಬಾರದು. ಹುಡುಗ ಅಂಗಡಿಯ ವೈಫೈಗೆ ಜೋಡಿಸಿಕೊಟ್ಟ. ಹುಡುಕಿದರೂ ಆ ಫೋನಿಗೆ ಹೊಸದೇನೂ ಬಂದಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟೆವು.

ಅಪ್‌ಡೇಟ್ ಎಂದರೆ ಹೊಸ ಇಮೋಜಿ, ಹೊಸ ವಾಲ್‌ಪೇಪರ್ ಎಂದುಕೊಂಡವರು ಬಹಳ. ಆಂಡ್ರಾಯ್ಡ್‌ನಲ್ಲಿ ಪತ್ತೆಯಾದ ದೋಷಗಳ ಪಟ್ಟಿಯನ್ನು ಗೂಗಲ್ ಕಾಲಕಾಲಕ್ಕೆ ಬಹಿರಂಗವಾಗಿ ಪ್ರಕಟಿಸುತ್ತದೆ. ಆ ಪಟ್ಟಿಯನ್ನು ಕಳ್ಳರೂ ಓದುತ್ತಾರೆ. ಅಪ್‌ಡೇಟ್ ಪಡೆದ ಫೋನಿನಲ್ಲಿ ಆ ಕಂಡಿ ಮುಚ್ಚಿರುತ್ತದೆ, ಪಡೆಯದ ಫೋನಿನಲ್ಲಿ ಬಾಯ್ದೆರೆದೇ ಇರುತ್ತದೆ. ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬರುವ ಎಪಿಕೆ ಫೈಲನ್ನು ನಾವೇ ಒತ್ತಿ ಇನ್‌ಸ್ಟಾಲ್ ಮಾಡಿಕೊಂಡರೆ ಯಾವ ಅಪ್‌ಡೇಟೂ ಪೂರ್ತಿ ಕಾಪಾಡಲಾರದು, ಆ ಎಚ್ಚರ ಬೇರೆಯೇ ಬೇಕು. ಆದರೂ ಬಾಗಿಲಿನ ಚಿಲಕವನ್ನಾದರೂ ಗಟ್ಟಿಯಾಗಿ ಇಡಬೇಕಾದದ್ದು ಕಂಪನಿಯ ಹೊಣೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂತೇ ಎಂದು ನೋಡುವುದು, ಬೆಳೆ ಸಮೀಕ್ಷೆಗೆ ಹೊಲದ ಫೋಟೊ ಹಾಕುವುದು, ಡೇರಿಯ ಬಟವಾಡೆ ಬಿದ್ದ ಖಾತೆಯಿಂದ ಫೋನ್‌ಪೇ ಮಾಡುವುದು ಎಲ್ಲವೂ ಈಗ ಇದೇ ಯಂತ್ರದಲ್ಲಿ. ಹತ್ತು ವರ್ಷದ ಹಿಂದೆ ಹಳೆಯ ಫೋನ್ ಬರೀ ನಿಧಾನದ ಫೋನ್ ಆಗಿತ್ತು. ಇವತ್ತು ಅದರಲ್ಲಿ ಮನೆಯ ಹಣವೂ ಇದೆ.

ಎಷ್ಟು ವರ್ಷ ಅಪ್‌ಡೇಟ್ ಎಂಬ ವಿಷಯದಲ್ಲಿ ಕಂಪನಿಗಳ ನಡುವೆ ಇರುವಷ್ಟು ವ್ಯತ್ಯಾಸ ಕ್ಯಾಮೆರಾದಲ್ಲೂ ಇಲ್ಲ. 2023ರ ಅಕ್ಟೋಬರಿನಲ್ಲಿ ಪಿಕ್ಸೆಲ್ 8 ತಂದಾಗ ಗೂಗಲ್ ಏಳು ವರ್ಷದ ಮಾತು ಕೊಟ್ಟಿತು. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಕೂಡ ಏಳು ವರ್ಷ ಎಂದಿತು. ಆ್ಯಪಲ್ ಮೊದಲಿನಿಂದಲೂ ದೀರ್ಘಕಾಲ ಕೊಡುತ್ತ ಬಂದಿದೆ. 2015ರ ಐಫೋನ್ 6ಎಸ್‌ಗೆ 2021ರ ಐಒಎಸ್ 15 ಕೂಡ ಸಿಕ್ಕಿತು. ಇವೆಲ್ಲ ದುಬಾರಿ ಫೋನುಗಳಾದವು. ನನ್ನ ಲೆಕ್ಕದಲ್ಲಿ ಹೆಚ್ಚು ಮಹತ್ವದ್ದು 2024ರ ಕೊನೆಯಲ್ಲಿ ಬಂದ ಗ್ಯಾಲಕ್ಸಿ ಎ16. ಇಪ್ಪತ್ತು ಸಾವಿರದೊಳಗಿನ ಫೋನಿಗೆ ಆರು ವರ್ಷ. ಅದೇ ಬೆಲೆಗೆ ಇನ್ನೂ ಚುರುಕಾದ ಪ್ರೊಸೆಸರ್, ಇನ್ನೂ ವೇಗದ ಚಾರ್ಜಿಂಗ್ ಕೊಡುವ ಎದುರಾಳಿಗಳು ಇದ್ದವು, ಈಗಲೂ ಇವೆ. ಆರು ವರ್ಷ ಅಪ್‌ಡೇಟ್ ಬಂದರೂ ಕಡಿಮೆ ರ‍್ಯಾಮಿನ ಫೋನ್ ನಾಲ್ಕನೆಯ ವರ್ಷಕ್ಕೆ ಏದುಸಿರು ಬಿಡಬಹುದು, ಹಾಗಾಗಿ ಅಂಥದ್ದನ್ನು ಕೊಳ್ಳುವವರು ರ‍್ಯಾಮಿನಲ್ಲಿ ಕಂಜೂಸಿ ಮಾಡಬಾರದು. ಆದರೂ ಲೆಕ್ಕ ಸ್ಪಷ್ಟ. 18,000 ಕೊಟ್ಟು ಆರು ವರ್ಷ ಬಳಸಿದರೆ ವರ್ಷಕ್ಕೆ 3,000. 15,000 ಕೊಟ್ಟು ಮೂರು ವರ್ಷ ಬಳಸಿದರೆ ವರ್ಷಕ್ಕೆ 5,000.

ಇಲ್ಲೊಂದು ಸೂಕ್ಷ್ಮವಿದೆ. ಈ ವರ್ಷಗಳನ್ನು ಎಣಿಸುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಪಿಕ್ಸೆಲ್ 8ರ ಏಳು ವರ್ಷ 2030ರ ಅಕ್ಟೋಬರಿಗೆ ಮುಗಿಯುತ್ತದೆ. 2025ರ ದೀಪಾವಳಿಯ ರಿಯಾಯಿತಿಯಲ್ಲಿ ಅದನ್ನು ಕೊಂಡವರಿಗೆ ಉಳಿದದ್ದು ಐದು ವರ್ಷ. ಏಳರಲ್ಲಿ ಎರಡು ಹೋದರೆ ಅಷ್ಟೇನೂ ನಷ್ಟವಿಲ್ಲ. ಮೂರೇ ವರ್ಷ ಅಪ್‌ಡೇಟ್ ಇರುವ ಫೋನನ್ನು ಎರಡು ವರ್ಷ ಕಳೆದ ಮೇಲೆ ನಲವತ್ತು ಪರ್ಸೆಂಟ್ ಡಿಸ್ಕೌಂಟಿನಲ್ಲಿ ಕೊಂಡರೆ? ಹಬ್ಬದ ಸೇಲ್‌ನಲ್ಲಿ ಬೆಲೆ ಬೀಳುವ ಫೋನುಗಳಲ್ಲಿ ಹಳೆಯ ಮಾಡೆಲ್‌ಗಳೇ ಹೆಚ್ಚು, ಆ ರಿಯಾಯಿತಿಯ ಒಂದು ಪಾಲನ್ನು ಕೊಂಡವರೇ ಮುಂದೆ ತೆರುತ್ತಾರೆ.

ರಿಪೇರಿಯ ಮಾತು ಇದರ ಜೊತೆಗೇ ಬರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬ್ಯಾಟರಿ ಬದಲಿಸುವವರ ಪಕ್ಕ ಕೂತು ನೋಡಿದ್ದೇನೆ. ಬಿಸಿ ತಟ್ಟೆಯ ಮೇಲೆ ಫೋನಿಟ್ಟು ಅಂಟು ಸಡಿಲವಾಗುವವರೆಗೆ ಕಾಯುತ್ತಾರೆ. ಸಕ್ಷನ್ ಕಪ್ ಅಂಟಿಸಿ ಹಿಂಬದಿಯನ್ನು ಕೂದಲೆಳೆಯಷ್ಟು ಎತ್ತಿ, ಆ ಸಂದಿಗೆ ತೆಳುವಾದ ಪ್ಲಾಸ್ಟಿಕ್ ತೂರಿಸಿ ನಾಲ್ಕೂ ಅಂಚು ಬಿಡಿಸುತ್ತಾರೆ. ಕೆಲವು ಫೋನುಗಳಲ್ಲಿ ಬ್ಯಾಟರಿಯ ಅಡಿಗೆ ಎಳೆಯುವ ಪಟ್ಟಿ ಇರುತ್ತದೆ, ಎಳೆದರೆ ಬ್ಯಾಟರಿ ಕೈಗೆ ಬರುತ್ತದೆ. ಕೆಲವದರಲ್ಲಿ ಅಂಟು ಎಷ್ಟಿರುತ್ತದೆಂದರೆ ಬ್ಯಾಟರಿ ಬಾಗದಂತೆ ಬಿಡಿಸಲು ಅನುಭವಸ್ಥರೂ ಉಸಿರು ಹಿಡಿಯುತ್ತಾರೆ. ಯಾವ ಕಂಪನಿಯ ಯಾವ ಮಾಡೆಲ್ಲಿಗೆ ಫೋಲ್ಡರ್ ಸಿಗುತ್ತದೆ, ಯಾವುದಕ್ಕೆ ತಿಂಗಳುಗಟ್ಟಲೆ ಕಾದರೂ ಸಿಗುವುದಿಲ್ಲ ಎಂಬುದು ಅವರ ನಾಲಗೆಯ ತುದಿಯಲ್ಲಿರುತ್ತದೆ. ಡಿಸ್‌ಪ್ಲೇ ಮತ್ತು ಗಾಜು ಸೇರಿದ ಭಾಗಕ್ಕೆ ಅವರು ಹೇಳುವುದು ಫೋಲ್ಡರ್ ಎಂದೇ. ಫೋನ್ ಕೊಳ್ಳುವ ಮುಂಚೆ ನಿಮ್ಮೂರಿನ ರಿಪೇರಿ ಅಂಗಡಿಗೆ ಹೋಗಿ ಎರಡು ಮಾಡೆಲ್ ಹೆಸರು ಹೇಳಿ, ಯಾವುದು ತೆಗೆದುಕೊಳ್ಳಲಿ ಎಂದು ಕೇಳಿ. ಡಿಸ್‌ಪ್ಲೇ ಒಡೆದರೆ ಎಷ್ಟಾಗುತ್ತದೆ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಹಲವು ಕಂಪನಿಗಳು ಬಿಡಿಭಾಗಗಳ ಬೆಲೆಯನ್ನು ವೆಬ್‌ಸೈಟಿನಲ್ಲೇ ಹಾಕಿವೆ. ತಂಗಿ ಆ ಬಾಗಿದ ಪರದೆಯ ಫೋನನ್ನು ಬಿಟ್ಟು ಚಪ್ಪಟೆ ಪರದೆಯದನ್ನು ಆರಿಸಿದ್ದು ಈ ಬೆಲೆ ಕೇಳಿದ ಮೇಲೆಯೇ.

ಕನ್ನಡದ ಮಟ್ಟಿಗೆ ಆಂಡ್ರಾಯ್ಡ್ ಮತ್ತು ಐಫೋನ್ ನಡುವಿನ ಹಳೆಯ ಅಂತರ ಬಹುಪಾಲು ಅಳಿದಿದೆ. ಆಂಡ್ರಾಯ್ಡ್ ಮೊದಲೇ ಕನ್ನಡ ಕಲಿತಿತ್ತು. ಐಫೋನಿಗೆ ಕನ್ನಡ ಕೀಲಿಮಣೆ 2017ರ ಐಒಎಸ್ 11ರಲ್ಲಿ ಬಂತು, ಮೆನುಗಳೆಲ್ಲ ಕನ್ನಡದಲ್ಲಿ ಕಾಣುವಂತಾದದ್ದು 2025ರ ಐಒಎಸ್ 18.4ರಲ್ಲಿ. ತಡವಾದರೂ ಬಂತು.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಿಸಲು ಶುರುಮಾಡಿದಾಗಿನಿಂದ ಕರ್ನಾಟಕ ಫೋನ್ ತಯಾರಿಸುವ ನಾಡೂ ಆಗಿದೆ. ಕೋಲಾರದ ನರಸಾಪುರದ ಕಾರ್ಖಾನೆ ಈಗ ಟಾಟಾ ಎಲೆಕ್ಟ್ರಾನಿಕ್ಸ್ ಕೈಯಲ್ಲಿದೆ, ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಇದೆ. ನಮ್ಮ ಹೆಣ್ಣುಮಕ್ಕಳು ಪಾಳಿಯಲ್ಲಿ ನಿಂತು ಜೋಡಿಸುವ ಫೋನುಗಳು ಹೊರದೇಶಗಳಿಗೂ ಹೋಗುತ್ತವೆ. ಅಲ್ಲಿನ ಗ್ರಾಹಕರಿಗೆ ಕಾನೂನು ಕೊಟ್ಟಿರುವ ರಕ್ಷಣೆ ನಮಗಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಕನಿಷ್ಠ ಎಷ್ಟು ಕಾಲ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇವೆಂದು ತಯಾರಕರು ಬಹಿರಂಗವಾಗಿ ಹೇಳಲೇಬೇಕು. ಹಾಗಾಗಿಯೇ ಐಫೋನ್ 15 ಪ್ರೊ ಮ್ಯಾಕ್ಸ್‌ಗೆ ಕನಿಷ್ಠ ಐದು ವರ್ಷ ಎಂದು ಆ್ಯಪಲ್ ಅಲ್ಲಿ ಬರೆದುಕೊಟ್ಟಿತು. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಮತ್ತೂ ಮುಂದೆ ಹೋಗಿದೆ. ಕಂಪನಿ ಒಂದು ಮಾಡೆಲ್ ಮಾರುವುದನ್ನು ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು, ಮುಖ್ಯ ಬಿಡಿಭಾಗಗಳು ಏಳು ವರ್ಷ ಸಿಗಬೇಕು, ಬ್ಯಾಟರಿ 800 ಬಾರಿ ಚಾರ್ಜಾದ ಮೇಲೂ ಮೂಲ ಸಾಮರ್ಥ್ಯದ 80 ಪರ್ಸೆಂಟ್ ಉಳಿಸಿಕೊಂಡಿರಬೇಕು. ಮಾರಾಟ ನಿಂತ ದಿನದಿಂದ ಎಣಿಸುವುದರಿಂದ, ರಿಯಾಯಿತಿಯಲ್ಲಿ ತಡವಾಗಿ ಕೊಂಡವರಿಗೂ ಅಲ್ಲಿ ಮೋಸವಾಗುವುದಿಲ್ಲ.

ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅದು ನೇಮಿಸಿದ ಸಮಿತಿ, ಮೊಬೈಲುಗಳ ಮೇಲೆ ರಿಪೇರಿ ಸೂಚ್ಯಂಕ ಹಾಕಬೇಕೆಂದು 2025ರ ಮೇನಲ್ಲಿ ವರದಿ ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಸೂಚ್ಯಂಕ ಒಂದು ಅಂಕ ಮಾತ್ರ. ಅದರ ಪಕ್ಕದಲ್ಲಿ ಅಪ್‌ಡೇಟ್ ನಿಲ್ಲುವ ತಿಂಗಳು ಮತ್ತು ವರ್ಷ, ಎಂಆರ್‌ಪಿಯಷ್ಟೇ ದೊಡ್ಡ ಅಕ್ಷರದಲ್ಲಿ, ಬರಲೇಬೇಕು. ಬ್ರಿಟನ್ನಿಗೆ ಕೊಟ್ಟ ಮಾಹಿತಿಯನ್ನು ಭಾರತಕ್ಕೆ ಕೊಡಲು ಕಂಪನಿಗಳಿಗೆ ಬೇರೆ ಖರ್ಚೇನೂ ಬೀಳುವುದಿಲ್ಲ.

ಆ ನಿಯಮ ಬರುವವರೆಗೆ ಒಂದು ಕೆಲಸ ಮಾಡಬಹುದು. ಎಷ್ಟು ವರ್ಷ ಅಪ್‌ಡೇಟ್ ಎಂದು ಕಂಪನಿಯ ವೆಬ್‌ಸೈಟಿನಲ್ಲಿ ಬರೆದಿರುವ ಪುಟದ ಸ್ಕ್ರೀನ್‌ಶಾಟ್ ತೆಗೆದು, ತಾರೀಖು ಕಾಣುವಂತೆ ಪ್ರಿಂಟ್ ಹಾಕಿಸಿ, ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಮಾತು ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡುವಾಗ ಅದು ಪುರಾವೆಯಾಗುತ್ತದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.