ಕಳ್ಳಭಟ್ಟಿಯೂ ಕರೆಂಟು ಭಟ್ಟಿಯೂ

ಮನೆಯಲ್ಲೇ ಬಿಯರು ಮಾಡಿಕೊಳ್ಳುವುದು ಒಂದು ಸದಭಿರುಚಿಯ ಹವ್ಯಾಸವೆಂಬ ಅಭಿಪ್ರಾಯ ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ಈಚೆಗೆ ಹಬ್ಬುತ್ತಿದೆ. ಹೂದೋಟ ಮಾಡುವವರಿಲ್ಲವೆ, ಅಂಚೆಚೀಟಿ ಕೂಡಿಡುವವರಿಲ್ಲವೆ, ಇದೂ ಹಾಗೆಯೇ ಎಂದು ಅವರ ವಾದ. ಇರಬಹುದು. ಆದರೆ ಊರಾಚೆಯ ತಾಂಡದಲ್ಲಿ ಹೆಂಗಸೊಬ್ಬಳು ಸೌದೆ ಒಲೆಯ ಮುಂದೆ ಕುಳಿತು ಇದಕ್ಕೆ ಹತ್ತಿರದ ಕೆಲಸವನ್ನು ಮಾಡಿದರೆ ಅದನ್ನು ಯಾರೂ ಹವ್ಯಾಸವೆನ್ನುವುದಿಲ್ಲ. ‘ಕಳ್ಳಭಟ್ಟಿ ಅಡ್ಡೆಯ ಮೇಲೆ ದಾಳಿ’ ಎಂದು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಅಚ್ಚಾಗುತ್ತದೆ. ನನ್ನ ತಕರಾರು ಇರುವುದು ಈ ಭೇದದ ಮೇಲೆ.

ನಾನು ಕುಡಿಯುವವನಲ್ಲ. ಆದ್ದರಿಂದ ಈ ಬರಹದ ಹಿಂದೆ ನನ್ನ ಬಾಯಾರಿಕೆಯನ್ನು ಹುಡುಕುವ ಶ್ರಮವನ್ನು ವಾಚಕರು ತೆಗೆದುಕೊಳ್ಳಬೇಕಾಗಿಲ್ಲ. ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ, ಸೂಳೆಕೆರೆಯ ಮಗ್ಗುಲಲ್ಲಿ. ನಮ್ಮ ಸೀಮೆಯಲ್ಲಿ ಲಂಬಾಣಿ ತಾಂಡಗಳು ಹಲವು. ಸೇವಾಲಾಲರ ಜನ್ಮಸ್ಥಳವೆಂದು ಭಕ್ತರು ನಡೆದುಕೊಳ್ಳುವ ಸೂರಗೊಂಡನಕೊಪ್ಪವೂ ದೂರವಲ್ಲ, ನ್ಯಾಮತಿ ತಾಲ್ಲೂಕಿನಲ್ಲಿದೆ. ನಾನು ಹುಡುಗನಾಗಿದ್ದಾಗ ಸೌದೆಯ ಹೊರೆ, ಹುಲ್ಲಿನ ಹೊರೆ ಹೊತ್ತು ಬೆಳಗಿನ ಜಾವಕ್ಕೇ ಊರೊಳಕ್ಕೆ ಬರುತ್ತಿದ್ದ ತಾಂಡದ ಹೆಂಗಸರಲ್ಲಿ ಒಬ್ಬಳು ಹಠಾತ್ತಾಗಿ ಬರುವುದು ನಿಂತಳು. ಕೇಳಿದ್ದಕ್ಕೆ, ಜೀಪು ಬಂದಿತ್ತು, ಮಡಕೆ ಒಡೆದು ಆಕೆಯನ್ನು ಕರೆದುಕೊಂಡು ಹೋದರು ಎಂದು ಜೊತೆಯವರು ಹೇಳಿದರು. ತಾಂಡದವರೆಲ್ಲ ಭಟ್ಟಿ ಇಳಿಸುವವರೆಂದು ಯಾರೂ ಇದರಿಂದ ತಿಳಿಯಬಾರದು. ಹಾಗೆ ತಿಳಿಯುವುದು ಪಟ್ಟಣದ ಹಳೆಯ ಚಾಳಿ. ಅದನ್ನು ಬಲಪಡಿಸುವುದು ನನ್ನ ಉದ್ದೇಶವಲ್ಲ.

ಇನ್ನು ಪಟ್ಟಣದ ಕಡೆಗೆ ಬರೋಣ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ತನ್ನ ಮೂರನೆಯ ಅಂತಸ್ತಿನ ಮನೆಯ ಬಾಲ್ಕನಿಯಲ್ಲಿ ಒಂದು ಸಣ್ಣ ವಿದ್ಯುತ್ ಭಟ್ಟಿಯನ್ನು ತಾನೇ ಜೋಡಿಸಿದ್ದಾನೆ. ಸುಳ್ಳು ಹೇಳಬಾರದು, ಕೆಲಸ ಅಚ್ಚುಕಟ್ಟಾಗಿದೆ. ಮೂವತ್ತು ಲೀಟರು ಹಿಡಿಯುವ ಸ್ಟೀಲಿನ ಪಾತ್ರೆ; ಅದರ ತಳದಲ್ಲಿ 2000 ವಾಟಿನ ಕಾಯಿಸುವ ಸುರುಳಿ; ನೀರಿನ ಬಿಸಿಯನ್ನು ಅಳೆದು ಕರೆಂಟನ್ನು ತಾನೇ ಕೊಟ್ಟು ತಾನೇ ಕಡಿಯುವ ಒಂದು ಪೆಟ್ಟಿಗೆ; ಎಲ್ಲವೂ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಆಯ್ದು ತಂದದ್ದು. ನೀರಿನೊಳಗೆ ಕರೆಂಟು ಆಡುವ ಕೆಲಸವಾದ್ದರಿಂದ ಅರ್ತಿಂಗನ್ನು ಎರಡೆರಡು ಸಲ ನೋಡಿಸಿದ್ದಾನೆ; ಸೋರಿಕೆಯಾದರೆ ಕೂಡಲೇ ಕಡಿಯುವ ಸ್ವಿಚ್ಚೂ ಇದೆ. ಇಪ್ಪತ್ತು ಲೀಟರು ನೀರು 65 ಡಿಗ್ರಿಗೆ ಏರಲು ಇಪ್ಪತ್ತೈದು ನಿಮಿಷ ಬೇಕು. ಬಿಳಿ ಬಟ್ಟೆಯ ಚೀಲದಲ್ಲಿ ಒಡೆದ ಬಾರ್ಲಿ ಮಾಲ್ಟನ್ನು ಕಟ್ಟಿ ಒಂದು ಗಂಟೆ ಅದೇ ಬಿಸಿಯಲ್ಲಿ ನೆನೆಯಬಿಡುತ್ತಾನೆ. ಬಿಸಿ ಎಪ್ಪತ್ತೈದನ್ನು ದಾಟಿದರೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಸಾಯುತ್ತದೆ. ತೀರ ಇಳಿದರೆ ಕೆಲಸ ನಿಧಾನವಾಗುತ್ತದೆ. ಇದಕ್ಕಾಗಿಯೇ ಆ ಪೆಟ್ಟಿಗೆ. ಆಮೇಲೆ ಚೀಲವನ್ನೆತ್ತಿ ರಸವನ್ನು ಒಂದು ಗಂಟೆ ಕುದಿಸಿ, ಹಾಪ್ಸ್ ಎಂಬ ಕಹಿಹೂವನ್ನು ಹಾಕಿ, ತಾಮ್ರದ ಸುರುಳಿಯಲ್ಲಿ ತಣ್ಣೀರು ಹರಿಸಿ ಆರಿಸಿ, ಯೀಸ್ಟು ಬೆರೆಸಿ ಮುಚ್ಚಿಡುತ್ತಾನೆ. ಒಂದು ಸಲದ ಅಡುಗೆಗೆ ಮೂರು ನಾಲ್ಕು ಯೂನಿಟ್ಟು ಖರ್ಚು. ‘ಗೃಹಜ್ಯೋತಿ’ಯಲ್ಲಿ ಅದೂ ಪುಕ್ಕಟೆ, ಸರ್, ಎಂದು ನಕ್ಕ. ಸರಕಾರದ ಒಂದು ಇಲಾಖೆ ಪುಕ್ಕಟೆಯಾಗಿ ಕೊಟ್ಟದ್ದನ್ನು ಇನ್ನೊಂದು ಇಲಾಖೆಯ ಕಣ್ಣು ತಪ್ಪಿಸಿ ಕುದಿಸುವುದು ನನಗೂ ನಗು ತರಿಸಿತು.

ಇದಕ್ಕೆ ಒಳ್ಳೆಯ ಕನ್ನಡ ಹೆಸರು ಕೊಡಿ ಎಂದು ಅವನು ಕೇಳಿದ. ಹೆಸರು ಇದೆಯಲ್ಲಪ್ಪ, ಭಟ್ಟಿ, ಎಂದೆ. ಅವನ ಮುಖ ಸಣ್ಣದಾಯಿತು. ಭಟ್ಟಿಯೆಂದರೆ ಮೂಲದಲ್ಲಿ ಬರಿಯ ಒಲೆ, ಕುಲುಮೆ. ಸುಣ್ಣದ ಭಟ್ಟಿಯುಂಟು, ಇಟ್ಟಿಗೆಯ ಭಟ್ಟಿಯುಂಟು. ಅವುಗಳಿಗೆ ಮಾನಹಾನಿ ತಟ್ಟಿಲ್ಲ. ‘ಕಳ್ಳ’ ಎಂಬ ವಿಶೇಷಣ ಹತ್ತಿದ್ದು ಬಡವರ ಭಟ್ಟಿಗೆ ಮಾತ್ರ. (ಹಳಗನ್ನಡದಲ್ಲಿ ‘ಕಳ್’ ಎಂದರೆ ಕದಿ ಎಂದೂ ಆಗುತ್ತದೆ, ಹೆಂಡವೆಂದೂ ಆಗುತ್ತದೆ, ಇವು ಎರಡು ಬೇರೆ ಬೇರೆ ಪದಗಳೆಂದು ತರಗತಿಯಲ್ಲಿ ಪ್ರತಿವರ್ಷವೂ ಹೇಳುತ್ತೇನೆ. ಸಮಾಜಕ್ಕೆ ಆ ಪಾಠ ತಲುಪಿದಂತಿಲ್ಲ.) ಇನ್ನೊಂದು ಮಾತು ನೋಡಿ. ತಾಂಡದ ಮಡಕೆಯಲ್ಲಿ ನೆನೆಹಾಕಿದ ಬೆಲ್ಲದ ನೀರಿಗೆ ನಮ್ಮ ವರದಿಗಾರರು ಇಟ್ಟ ಹೆಸರು ‘ಬೆಲ್ಲದ ಕೊಳೆ’. ಇಷ್ಟು ಲೀಟರು ಕೊಳೆಯನ್ನು ನಾಶಪಡಿಸಲಾಯಿತು ಎಂದು ಬರೆಯುತ್ತಾರೆ. ಬಾಲ್ಕನಿಯ ಬಕೆಟ್ಟಿನಲ್ಲಿ ಅದೇ ಜಾತಿಯ ಸೂಕ್ಷ್ಮಜೀವಿ ಅದೇ ಕೆಲಸವನ್ನು ಮಾಡುತ್ತಿರುವಾಗ ಅದರೊಳಗಿನ ದ್ರವದ ಹೆಸರು ‘ವರ್ಟ್’. ಯೀಸ್ಟಿಗೆ ಜಾತಿಯೂ ಇಲ್ಲ, ಇಂಗ್ಲಿಷೂ ಬಾರದು.

ಬಾರ್ಲಿಯ ಮಾಲ್ಟು ಏನೋ ವಿಲಾಯಿತಿ ವಿದ್ಯೆಯೆಂಬ ಭ್ರಮೆಯೊಂದಿದೆ. ನಮ್ಮ ತಾಯಂದಿರು ಎಳೆಮಕ್ಕಳಿಗಾಗಿ ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ ಹಿಟ್ಟು ಮಾಡುತ್ತಾರಲ್ಲ, ಅದು ಮಾಲ್ಟೇ. ಮೊಳಕೆಯಲ್ಲಿ ಕಿಣ್ವ ಹುಟ್ಟುತ್ತದೆ, ಪಿಷ್ಟ ಸಿಹಿಯಾಗುವುದಕ್ಕೆ ಅಣಿಯಾಗುತ್ತದೆ. ಸಿಕ್ಕಿಮ್, ನೇಪಾಳದ ಕಡೆ ಇದೇ ರಾಗಿಯನ್ನು ಬೇಯಿಸಿ ಹುದುಗಿಸಿ ‘ತೊಂಗ್ಬಾ’ ಎಂಬ ಪಾನೀಯ ಮಾಡಿ ಬಿದಿರ ಕೊಳವೆಯಲ್ಲಿ ಹೀರುತ್ತಾರೆ. ಅಜ್ಜಿಯ ಮೊಳಕೆಕಟ್ಟಿಗೂ ಶಿಷ್ಯನ ಚೀಲಕ್ಕೂ ನಡುವೆ ಇರುವುದು ಒಂದು ಧಾನ್ಯದ ಮತ್ತು ಕೆಲವು ದಿನಗಳ ಅಂತರ.

ಸಾಹಿತ್ಯದಲ್ಲಾದರೂ ನಾವು ಉದಾರಿಗಳು. 10ನೆಯ ಶತಮಾನದ ಪಂಪ ತನ್ನ ಭಾರತದ ನಾಲ್ಕನೆಯ ಆಶ್ವಾಸದಲ್ಲಿ ಸೂಳೆಗೇರಿಯ ಪಾನಗೋಷ್ಠಿಯನ್ನು ಸಾಲಂಕೃತವಾಗಿ ವರ್ಣಿಸಿದ. 12ನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನಿಗೆ ಸ್ಥಾನವಿತ್ತು. ಹೆಂಡ ಮಾರುವುದು ಆತನ ಕಾಯಕ. ಸ್ವತಃ ಕುಡಿಯದ ಜಿ.ಪಿ. ರಾಜರತ್ನಂ ಎಂಡ್ಕುಡ್ಕ ರತ್ನನನ್ನು ಸೃಷ್ಟಿಸಿದರು. ರತ್ನನ ಪದಗಳನ್ನು ಹಾಡಿ ಚಪ್ಪಾಳೆ ತಟ್ಟದ ಕಾಲೇಜುಗಳು ವಿರಳ. ಪುಸ್ತಕದೊಳಗಿನ ರತ್ನನನ್ನು ಒಪ್ಪಿದ ನಾವು ಅವನಿಗೆ ಸೇರೆಯಲ್ಲಿ ಅಳೆದು ಕೊಟ್ಟ ಕೈಯನ್ನು ಮಾತ್ರ ಪೊಲೀಸು ಠಾಣೆಗೆ ಬಿಟ್ಟಿದ್ದೇವೆ.

ಕಾಯಿದೆ ಏನು ಹೇಳುತ್ತದೆ? 1965ರ ಕರ್ನಾಟಕ ಅಬಕಾರಿ ಕಾಯಿದೆಯ 13ನೆಯ ಪ್ರಕರಣದ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸಕೂಡದು. ತಯಾರಿಸುವ ಉದ್ದೇಶದಿಂದ ಸಾಮಗ್ರಿಯನ್ನಾಗಲಿ ಪಾತ್ರೆ ಸಲಕರಣೆಗಳನ್ನಾಗಲಿ ಇಟ್ಟುಕೊಳ್ಳಲೂ ಕೂಡದು. 32ನೆಯ ಪ್ರಕರಣ ಶಿಕ್ಷೆಯದು. ಅದರಲ್ಲಿ ಸೆರೆವಾಸವೂ ಸೇರಿದೆ. ಬಿಯರೂ ಮದ್ಯವೇ. ಎಂದರೆ, ಸ್ಟೀಲಿನ ಪಾತ್ರೆಗೂ ಮಣ್ಣಿನ ಮಡಕೆಗೂ ಕಾಯಿದೆ ಭೇದ ಮಾಡಿಲ್ಲ. ಭೇದ ಮಾಡುವುದು ಜೀಪು. ಅದು ಮೂರನೆಯ ಅಂತಸ್ತಿಗೆ ಲಿಫ್ಟಿನಲ್ಲಿ ಹೋಗುವುದಿಲ್ಲ. ಮಡಿಕೇರಿಯ ಪೇಟೆಯಲ್ಲಿ ‘ಹೋಂ ಮೇಡ್ ವೈನ್’ ಎಂದು ಹಲಗೆ ತೂಗುಹಾಕಿದ ಅಂಗಡಿಗಳನ್ನು ಪ್ರವಾಸಿಗರೆಲ್ಲ ಕಂಡಿದ್ದಾರೆ. 2011ರಿಂದ ಬೆಂಗಳೂರಿನ ಹೋಟೆಲುಗಳಲ್ಲಿ ಗಾಜಿನ ಗೋಡೆಯ ಹಿಂದೆ ಬಿಯರು ಕುದಿಯುವುದನ್ನು ನೋಡುತ್ತಲೇ ಕುಡಿಯಬಹುದು. ಅದಕ್ಕೆ ಪರವಾನಗಿಯುಂಟು, ಪರವಾನಗಿಗೆ ತಕ್ಕ ಬಂಡವಾಳವೂ ಬೇಕು.

ನಮ್ಮದು ಶುದ್ಧ, ಅವರದು ವಿಷ, ಎನ್ನುತ್ತಾರೆ ಹವ್ಯಾಸಿಗಳು. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯ ಕಡೆ ನೂರಕ್ಕೂ ಹೆಚ್ಚು ಜನ ಹೋದರು. ಕೊಂದದ್ದು ಮಿಥೈಲ್ ಆಲ್ಕೊಹಾಲು. ಅದು ಕಾರ್ಖಾನೆಯ ಬಳಕೆಯ ದ್ರವ, ದುರಾಸೆಯ ವ್ಯಾಪಾರಿಗಳು ಬೆರೆಸಿ ಮಾರುವ ವಸ್ತು. ಬೆಲ್ಲವೋ ಧಾನ್ಯವೋ ಮಡಕೆಯಲ್ಲಿ ಹುದುಗಿದ ಮಾತ್ರಕ್ಕೆ ಅಂಥ ವಿಷ ಹುಟ್ಟುವುದಿಲ್ಲ. ಸತ್ತವರೂ ಬಡವರು, ಆ ಸಾವುಗಳ ಹೆಸರಿನಲ್ಲಿ ಒಡೆಯುವ ಮಡಕೆಯೂ ಬಡವರದೇ.

ಆಕೆ ಮಾರುತ್ತಾಳೆ, ನಾವು ಮಾರುವುದಿಲ್ಲ ಎಂಬ ಎರಡನೆಯ ಉತ್ತರದಲ್ಲಿ ತಿರುಳಿದೆ. ಆಕೆ ಭಟ್ಟಿ ಇಳಿಸುತ್ತಾಳೆ, ನಾವು ಬರಿದೆ ಹುದುಗಿಸುತ್ತೇವೆ ಎಂಬುದರಲ್ಲಿಯೂ ಇದೆ. ಆವಿ ಹಿಡಿದು ಇಳಿಸಿದ ಸಾರಾಯಿ ಹುದುಗಿಸಿದ ಪಾನೀಯಕ್ಕಿಂತ ಹಲವು ಪಾಲು ಖಾರ. ಅದನ್ನು ಮನೆಮನೆಗೆ ಬಿಡಬೇಕೆಂದು ನಾನು ಹೇಳಲಾರೆ. ಮಧ್ಯಪ್ರದೇಶ, ಛತ್ತೀಸಗಢಗಳಲ್ಲಿ ಆದಿವಾಸಿಗಳು ಸ್ವಂತ ಬಳಕೆಗೆ ಮಹುವಾ ಕಾಯಿಸಿಕೊಳ್ಳಲು ಮಿತಿಯೊಳಗೆ ರಿಯಾಯಿತಿಯುಂಟು. ನಾನು ಅಷ್ಟು ದೂರವೂ ಹೋಗುವುದಿಲ್ಲ. ಆದರೆ ತಪ್ಪು ಇರುವುದು ಮಾರಾಟದಲ್ಲಿ, ಭಟ್ಟಿ ಇಳಿಸುವುದರಲ್ಲಿ ಎಂದಾದರೆ ಕಾಯಿದೆ ಅದನ್ನೇ ಹೇಳಲಿ. ಹುದುಗಲು ಇಟ್ಟ ನೀರನ್ನೇ ಅಪರಾಧವೆಂದು ಬರೆದು, ಒಬ್ಬರ ನೀರನ್ನು ಚೆಲ್ಲಿ ಇನ್ನೊಬ್ಬರ ನೀರಿಗೆ ಕಣ್ಣು ಮುಚ್ಚುವುದು ಏತಕ್ಕೆ?

ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪಣೆ ಬೇರೆ ಕಡೆಯಿಂದ ಬರುತ್ತದೆ. 2019ರ ಜನವರಿಯಲ್ಲಿ ಪಾನನಿಷೇಧ ಬೇಕೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಹೋದರು. ಗಂಡನ ಕೂಲಿ ಅಂಗಡಿಯಲ್ಲೇ ಕರಗಿಹೋದ ಮನೆಗಳಿಂದ ಬಂದವರು ಅವರು. ಮನೆಯಲ್ಲಿ ಇನ್ನೊಂದು ಮಡಕೆ ಇಡಲು ಅನುಮತಿ ಕೊಡಿ ಎಂದು ಅವರ ಮುಂದೆ ನಿಂತು ಹೇಳುವುದಕ್ಕೆ ಎದೆ ಬೇಕು. ನಾನು ಅವರಿಗೆ ಹೇಳುವುದಿಷ್ಟೆ: ತಾಯಂದಿರೆ, ನೀವು ಹೋರಾಡಿದ್ದು ಅಂಗಡಿಯೊಂದಿಗೆ, ಸರಕಾರ ಒಡೆದು ತೋರಿಸುತ್ತಿರುವುದು ಮಡಕೆಯನ್ನು. 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿಯ ಪೊಟ್ಟಣ ಹಳ್ಳಿಗೆ ಬಂತು. 2023–24ರಲ್ಲಿ ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ಸಂದದ್ದು 30 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅಷ್ಟು ಸೀಸೆಗಳನ್ನು ಸೀಲು ಹಾಕಿ ಮಾರಿಸುವವರು ಮಡಕೆಯನ್ನು ಒಡೆಯುವಾಗ ಮನಸ್ಸಿನಲ್ಲಿರುವುದು ನಿಮ್ಮ ಮಕ್ಕಳ ಅನ್ನವೋ, ತಮ್ಮ ಸುಂಕವೋ, ನೀವೇ ವಿಚಾರಿಸಿ. ಆದರೂ ಆ ಹೆಂಗಸರು, ಅಂಗಡಿಯೂ ಬೇಡ ಮಡಕೆಯೂ ಬೇಡ ಎಂದು ತೀರ್ಮಾನಿಸಿ ಗೆದ್ದರೆ ನನ್ನ ತಕರಾರಿಲ್ಲ. ನನ್ನ ಶಿಷ್ಯ ತನ್ನ ಪಾತ್ರೆಯಲ್ಲಿ ನೆಂಟರಿಷ್ಟರಿಗೆ ಸಾರು ಕುದಿಸಲಿ. ಬಿಸಿ ಒಂದೇ ಸಮನೆ ನಿಲ್ಲುತ್ತದೆ, ಬೇಳೆ ಚೆನ್ನಾಗಿ ಬೆಂದೀತು.

ಅಲ್ಲಿಯವರೆಗೆ ನಾನು ಕೇಳುವುದು ಒಂದೇ ಅಳತೆಗೋಲನ್ನು. ಇದೇನೂ ಅಪೂರ್ವವಲ್ಲ. ಇಂಗ್ಲೆಂಡಿನಲ್ಲಿ ಮನೆಬಿಯರಿಗೆ ಪರವಾನಗಿ ಬೇಕೆಂಬ ನಿಯಮ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಶಾಸನ ವಯಸ್ಕನೊಬ್ಬನಿಗೆ ವರ್ಷಕ್ಕೆ ನೂರು ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ ಇನ್ನೂರು ಗ್ಯಾಲನ್ ಎಂದು ಮಿತಿ ಗೊತ್ತುಮಾಡಿತು. ಮಾರುವಂತಿಲ್ಲ, ಅಷ್ಟೆ. ನಮ್ಮಲ್ಲಿಯೂ ಹವ್ಯಾಸಿಗಳು ಅಂಥದೊಂದು ವಿನಾಯಿತಿಯನ್ನು ಕೇಳಲಿ, ನಾನು ಸಹಿ ಹಾಕುತ್ತೇನೆ. ಆದರೆ ಅದು ಬಾಲ್ಕನಿಗೆ ಮಾತ್ರ ಹೊಲಿಸಿದ ಅಂಗಿಯಾಗಿರಬಾರದು. ಮನೆಯ ಬಳಕೆಗೆ, ಹುದುಗಿಸಿದ ಪಾನೀಯ ಮಾತ್ರ, ಇಷ್ಟೇ ಲೀಟರು ಎಂಬ ಮಿತಿ. ಸಾವಿರಾರು ರೂಪಾಯಿಯ ಶುಲ್ಕವಿಲ್ಲ, ಕಂಪ್ಯೂಟರಿನಲ್ಲೇ ತುಂಬಬೇಕೆಂಬ ಅರ್ಜಿಯಿಲ್ಲ, ಗ್ರಾಮ ಪಂಚಾಯಿತಿಯಲ್ಲಿ ಹೆಸರು ಬರೆಸಿದರೆ ಮುಗಿಯಿತು. ನಮೂನೆ ಕನ್ನಡದಲ್ಲಿರಲಿ. ಅದರಲ್ಲಿ ‘ಪಾತ್ರೆಯ ವಿವರ’ ಎಂಬ ಕಲಮಿನ ಎದುರಿಗೆ ‘ಮಡಕೆ’ ಎಂದು ಬರೆದರೂ ಸ್ವೀಕರಿಸತಕ್ಕದ್ದೆಂದು ಕೆಳಗೆ ಒಂದು ಸಾಲನ್ನು ಸೇರಿಸಲಿ.