ಅತ್ತರಿನ ಬಾಟಲಿಯ ಮೇಲೆ ಗಾಯಕರ ಹೆಸರು: ಒಡೆತನ ಯಾರದು?

ಅಮೆರಿಕದ ಗಾಯಕಿ ಜೆನಿಫರ್ ಲೋಪೆಜ್ ಹೆಸರಿನಲ್ಲಿ ಕೋಟಿ ಕಂಪನಿಯು 2002ರಲ್ಲಿ 'ಗ್ಲೋ' ಎಂಬ ಸುಗಂಧದ್ರವ್ಯವನ್ನು ಮಾರುಕಟ್ಟೆಗೆ ತಂದಿತು. 2004ರಲ್ಲಿ ಬ್ರಿಟ್ನಿ ಸ್ಪಿಯರ್ಸ್ ಅವರ 'ಕ್ಯೂರಿಯಸ್' ಬಂದಿತು. ಆ ಬಳಿಕ ಪಾಶ್ಚಾತ್ಯ ಗಾಯಕರು ಸಾಲುಸಾಲಾಗಿ ಅತ್ತರಿನ ವ್ಯಾಪಾರಕ್ಕೆ ಇಳಿದರು. ಇದು ಕಲಾವಿದರ ಪ್ರತಿಭೆಯ ವಿಸ್ತರಣೆ ಎಂಬುದು ಕಂಪನಿಗಳ ವಾದ.

ಈ ವಾದವನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಲೇಡಿ ಗಾಗಾ ಅವರ 2012ರ 'ಫೇಮ್' ಬಾಟಲಿಯಲ್ಲಿ ಕಡುಗಪ್ಪಾಗಿದ್ದು, ಸಿಂಪಡಿಸಿದೊಡನೆ ಬಣ್ಣ ಕಳೆದುಕೊಳ್ಳುತ್ತಿತ್ತು. ಅವರ ರಂಗಪ್ರದರ್ಶನದ ಚಮತ್ಕಾರವೇ ಅಲ್ಲಿತ್ತು. ಎ.ಆರ್. ರೆಹಮಾನ್ 2022ರಲ್ಲಿ ಕಾನ್‌ನಲ್ಲಿ ತೋರಿಸಿದ 'ಲೆ ಮಸ್ಕ್' ಚಿತ್ರದಲ್ಲಿ ದೃಶ್ಯ, ಸಂಗೀತಗಳ ಜತೆಗೆ ಪರಿಮಳವೂ ಪ್ರೇಕ್ಷಕರನ್ನು ತಲುಪಿತು. ಇದು ನಿಜಕ್ಕೂ ಕಲೆ. ಆದರೆ ಬಹುಪಾಲು ಬಾಟಲಿಗಳ ಕಥೆ ಬೇರೆ. ದ್ರವ್ಯ ಬೆರೆಸುವವರು ಒಬ್ಬರು, ಮಾರುವವರು ಇನ್ನೊಬ್ಬರು. ಗಾಯಕರು ಕೊಡುವುದು ಹೆಸರು, ಪಡೆಯುವುದು ಗೌರವಧನ. ಸರಳವಾಗಿ ಹೇಳುವುದಾದರೆ ಹೆಸರಿನ ಬಾಡಿಗೆ.

ಅಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕುವವರು ಸ್ವತಃ ಗಾಯಕರು. ಸಹಿ ಹಾಕಲು ಬದುಕಿಯೇ ಇಲ್ಲದವರ ಗತಿ ಏನು? ಈ ಪ್ರಶ್ನೆ ಹಾವೇರಿ ಜಿಲ್ಲೆಗೆ ನೇರವಾಗಿ ಸಂಬಂಧಿಸಿದೆ. ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಹುಟ್ಟಿದ್ದು ಹಾನಗಲ್ ತಾಲ್ಲೂಕಿನಲ್ಲಿ. ಶಿಶುನಾಳ ಶರೀಫರು ಶಿಗ್ಗಾಂವಿ ತಾಲ್ಲೂಕಿನವರು. ಗಂಗೂಬಾಯಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದರೂ ಜಗತ್ತಿಗೆ ಗೊತ್ತಿರುವುದು 'ಹಾನಗಲ್' ಎಂದೇ. ಅವರ ಆರಂಭಿಕ ಧ್ವನಿಮುದ್ರಿಕೆಗಳು 'ಗಾಂಧಾರಿ ಹಾನಗಲ್' ಹೆಸರಿನಲ್ಲಿ ಹೊರಬಂದಿದ್ದವು. ಮೊದಲ ಹೆಸರು ಬದಲಾಯಿತು, ಊರಿನ ಹೆಸರು ಉಳಿಯಿತು. ಸವಣೂರು, ಹಿರೇಕೆರೂರಿನ ಸಂತೆಗಳಲ್ಲಿ ದೇವರ ಚಿತ್ರವಿರುವ ಊದಿನಕಡ್ಡಿಯ ಪೊಟ್ಟಣ ಯಾರಿಗೂ ಹೊಸದಲ್ಲ. ನಾಳೆ ಆ ಜಾಗಕ್ಕೆ ಒಬ್ಬ ಗಾಯಕಿಯ ಹೆಸರು ಬಂದರೆ ತಡೆಯುವವರು ಯಾರು?

ಬದುಕಿರುವವರಿಗೆ ನ್ಯಾಯಾಲಯದ ಆಸರೆ ಇದೆ. ಗಾಯಕ ಅರಿಜಿತ್ ಸಿಂಗ್ ಅವರ ಹೆಸರು ಮತ್ತು ಧ್ವನಿಯ ಅನಧಿಕೃತ ಬಳಕೆಗೆ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ತಡೆ ನೀಡಿತು. ಮೃತರ ವಿಷಯದಲ್ಲಿ ಮಾತ್ರ ನ್ಯಾಯಾಲಯಗಳು ಕೈಚೆಲ್ಲಿವೆ. ಜಯಲಲಿತಾ ಕುರಿತ ಚಿತ್ರದ ಪ್ರಕರಣದಲ್ಲಿ 2021ರಲ್ಲಿ ಮದ್ರಾಸ್ ಹೈಕೋರ್ಟ್, ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಇಂಥ ಹಕ್ಕು ವಾರಸುದಾರರಿಗೆ ಬರುವುದಿಲ್ಲ ಎಂದವು.

ಉಳಿಯುವುದು 1999ರ ವ್ಯಾಪಾರ ಚಿಹ್ನೆ ಕಾಯ್ದೆಯ 14ನೇ ಕಲಂ. ಒಬ್ಬ ವ್ಯಕ್ತಿಯೊಂದಿಗೆ ಸುಳ್ಳು ನಂಟು ಸೂಚಿಸುವ ಚಿಹ್ನೆಯ ನೋಂದಣಿಗೆ ಅರ್ಜಿ ಬಂದಾಗ, ಆ ವ್ಯಕ್ತಿ ತೀರಿಕೊಂಡು 20 ವರ್ಷ ಕಳೆದಿರದಿದ್ದರೆ, ಅವರ ಕಾನೂನುಬದ್ಧ ಪ್ರತಿನಿಧಿಯ ಲಿಖಿತ ಒಪ್ಪಿಗೆಯನ್ನು ರಿಜಿಸ್ಟ್ರಾರ್ ಕೇಳಬಹುದು. ಗಮನಿಸಿ, ಕೇಳಬಹುದು, ಕೇಳಲೇಬೇಕೆಂದಿಲ್ಲ. ಗಂಗೂಬಾಯಿ ನಿಧನರಾದದ್ದು 2009ರ ಜುಲೈ 21ರಂದು, ಪುಟ್ಟರಾಜರು 2010ರ ಸೆಪ್ಟೆಂಬರ್ 17ರಂದು. ಅಂದರೆ ಈ ದುರ್ಬಲ ಬೇಲಿಯೂ 2029 ಹಾಗೂ 2030ರಲ್ಲಿ ಇಲ್ಲವಾಗುತ್ತದೆ. 1944ರಲ್ಲಿ ತೀರಿಕೊಂಡ ಪಂಚಾಕ್ಷರ ಗವಾಯಿಗಳಿಗೆ ಈ ಕಲಂನ ರಕ್ಷಣೆ ಈಗಲೂ ಇಲ್ಲ.

ಸುಗಂಧ ತಯಾರಕರೂ ಪರಿಮಳವನ್ನು ಸ್ವರಗಳ ಭಾಷೆಯಲ್ಲೇ ವರ್ಣಿಸುತ್ತಾರೆ. ಮೊದಲ ಸ್ವರ, ನಡುವಣ ಸ್ವರ, ತಳದ ಸ್ವರ ಎಂದು. ಶಸ್ತ್ರಚಿಕಿತ್ಸೆಯ ಬಳಿಕ ಗಡುಸಾದ ಕಂಠವನ್ನೇ ಕಿರಾಣಾ ಘರಾಣೆಯ ಘನತೆಯನ್ನಾಗಿಸಿದ ಗಂಗೂಬಾಯಿಯವರ ಹೆಸರಿನಲ್ಲಿ ಯಾರಾದರೂ ನಿಧಾನವಾಗಿ ಅರಳುವ ಅತ್ತರು ಮಾಡಿದರೆ ಅದನ್ನು ಅಪಚಾರವೆಂದು ಈ ಲೇಖಕ ಹೇಳಲಾರ. ಕೇಳದೆ ಮಾಡಿದರೆ ಮಾತ್ರ ಆಕ್ಷೇಪ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಹೆಸರುಗಳ ದುರ್ಬಳಕೆ ತಡೆಯುವ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ಅನುಸೂಚಿಗೆ ಹೊಸ ಹೆಸರು ಸೇರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಗಂಗೂಬಾಯಿ ಹೆಸರಿನಲ್ಲಿ ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವನ್ನೇ ಸ್ಥಾಪಿಸಿದ ರಾಜ್ಯ ಸರ್ಕಾರ ದೆಹಲಿಗೆ ಈ ಕುರಿತು ಒಂದು ಶಿಫಾರಸು ಕಳುಹಿಸಬಹುದು. 2029ರ ಜುಲೈಗೆ ಮುನ್ನ ಕಳುಹಿಸಿದರೆ ಒಳ್ಳೆಯದು.