ಓಪ್ಯಾಕ್ ಅಂದ್ರೆ ಏನಜ್ಜಾ?

ನಾನು ಗ್ರಂಥಪಾಲಕನಾಗಿದ್ದ ಕಾಲೇಜಿನಿಂದ ಹೋದ ತಿಂಗಳು ಫೋನ್ ಬಂತು. ಲೈಬ್ರರಿಯ ವೆಬ್‌ಸೈಟನ್ನು ಹೊಸದಾಗಿ ಮಾಡಿಸ್ತಿದ್ದೇವೆ, ಸಲಹೆ ಕೊಡಿ ಅಂದರು. ಮಕ್ಕಳೇ, ಹಳೆಯದನ್ನು ಮಾಡಿಸಿದವನು ನಾನೇ! ಅದಕ್ಕೇನಾಗಿದೆ ಅಂತ ಒಳಗೊಳಗೇ ಸಿಟ್ಟು ಬಂತು.

ಎಂಟನೇ ಕ್ಲಾಸಿನ ಮೊಮ್ಮಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ‘ಅಜ್ಜಿಗೆ ಕಾರಂತರ ಮೂಕಜ್ಜಿಯ ಕನಸುಗಳು ಬೇಕಂತೆ. ಲೈಬ್ರರಿಯಲ್ಲಿ ಇದೆಯಾ ನೋಡು’ ಅಂದೆ. ಇಂಥ ಪರೀಕ್ಷೆಗೆ ಒಂದೇ ನಿಯಮ: ಪಕ್ಕದಲ್ಲಿ ಕೂತವರು ಬಾಯಿ ಬಿಡಬಾರದು. ನನಗೆ ಅದೇ ಕಷ್ಟವಾಯಿತು.

ಅವಳು ‘ಇ-ರಿಸೋರ್ಸಸ್’ ಒತ್ತಿದಳು. ವಾಪಸ್ ಬಂದಳು. ‘ರೆಪಾಸಿಟರಿ’ ಒತ್ತಿದಳು. ಮತ್ತೆ ವಾಪಸ್. ಪ್ರಿನ್ಸಿಪಾಲರ ಸಂದೇಶವನ್ನೂ ಓದಿದಳು, ಪಾಪ. ನಾಲ್ಕು ನಿಮಿಷ ಕಳೆದ ಮೇಲೆ ತಿರುಗಿ, ‘ಓಪ್ಯಾಕ್ ಅಂದ್ರೆ ಏನಜ್ಜಾ?’ ಅಂದಳು.

‘ಆನ್‌ಲೈನ್ ಪಬ್ಲಿಕ್ ಆಕ್ಸೆಸ್ ಕೆಟಲಾಗ್.’

‘ಪುಸ್ತಕ ಹುಡುಕಿ ಅಂತ ಬರೀಬಾರದಿತ್ತಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರಿ, ಓಪ್ಯಾಕ್ ಒತ್ತಿ ಕನ್ನಡದಲ್ಲಿ ‘ಮೂಕಜ್ಜಿ’ ಅಂತ ಟೈಪ್ ಮಾಡಿದಳು. ಇಲ್ಲ ಅಂತ ಬಂತು. ಇಂಗ್ಲಿಷ್ ಅಕ್ಷರದಲ್ಲಿ, ಎರಡು ‘ಓ’ ಹಾಕಿ ಟೈಪ್ ಮಾಡಿದಳು. ಆಗಲೂ ಇಲ್ಲ. ಆದರೆ ಆ ಪುಸ್ತಕದ ಪ್ರತಿಗಳಿಗೆ ನಾನೇ ನಂಬರ್ ಹಾಕಿ ಕಪಾಟಿನಲ್ಲಿಟ್ಟಿದ್ದೆ! ಆಗ ನಾವು ಕನ್ನಡ ಪುಸ್ತಕಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ತುಂಬಿಸಿದ್ದೆವು, ಮೂಕಜ್ಜಿಗೆ ‘ಯು’ ಹಾಕಿದ್ದೆವು. ಕಂಪ್ಯೂಟರಿಗೆ ‘ಯು’ ಬೇರೆ, ‘ಓ’ ಬೇರೆ. ಎಷ್ಟು ಹುಡುಗರು ‘ಇಲ್ಲ’ ಅನ್ನುವುದನ್ನು ನಂಬಿ ಸುಮ್ಮನಾದರೋ!

ಎಸ್. ಆರ್. ರಂಗನಾಥನ್ ಹೆಸರನ್ನು ಅಜ್ಜ ಅಜ್ಜಿಯರು ಕೇಳಿರಬಹುದು. ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು, ಇಲ್ಲೇ 1972ರಲ್ಲಿ ತೀರಿಕೊಂಡರು. ಲೈಬ್ರರಿಗಳಿಗೆ ಅವರು 1931ರಲ್ಲಿ ಐದು ಸೂತ್ರ ಕೊಟ್ಟರು. ನಾಲ್ಕನೆಯದು, ಓದುಗರ ಸಮಯ ಉಳಿಸಿ ಅನ್ನುವುದು. ಅದನ್ನು ಬಾಯಿಪಾಠ ಮಾಡಿಯೇ ನಾನು ಪರೀಕ್ಷೆ ಪಾಸಾದದ್ದು.

ಮರುದಿನ ಕಾಲೇಜಿಗೆ ಹೋಗುವಾಗ ಮನೆಯಲ್ಲಿದ್ದ ಹಳೇ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಮೂವತ್ತು ಚೀಟಿ ಮಾಡಿಕೊಂಡೆ. ಹಿಂಬದಿಯಲ್ಲಿ ಒಂದೊಂದು ವಿಷಯ ಬರೆದೆ: ಪುಸ್ತಕ ಹುಡುಕುವುದು, ಅವಧಿ ಮುಂದುವರಿಸುವುದು, ದಂಡ, ಹಳೇ ಪ್ರಶ್ನೆಪತ್ರಿಕೆ, ತೆರೆದಿರುವ ಸಮಯ, ಹೀಗೆ. ಐದು ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೇ ಕೊಟ್ಟು, ನಿಮಗೆ ಸರಿ ಕಂಡ ಹಾಗೆ ಗುಂಪು ಮಾಡಿ ಅಂದೆ. ಇದಕ್ಕೆ ಕಾರ್ಡ್ ಸಾರ್ಟಿಂಗ್ ಅನ್ನುತ್ತಾರೆ. ನೀವೂ ಮನೆಯಲ್ಲಿ ಅಡುಗೆಮನೆ ಡಬ್ಬಿಗಳ ಹೆಸರು ಬರೆದು ಆಡಿ ನೋಡಿ, ಅಜ್ಜಿಯ ಗುಂಪು ಬೇರೆ, ಅಪ್ಪನ ಗುಂಪು ಬೇರೆ ಆಗುತ್ತದೆ.

‘ತೆರೆದಿರುವ ಸಮಯ’ದ ಚೀಟಿಯನ್ನು ಐವರೂ ಎಲ್ಲಕ್ಕಿಂತ ಮೇಲೆ ಇಟ್ಟರು. ನಾನು ಅದನ್ನು ‘ನಮ್ಮ ಬಗ್ಗೆ’ ಅನ್ನುವ ಪುಟದ ತಳದಲ್ಲಿ ಹಾಕಿಸಿದ್ದೆ. ಒಬ್ಬ ಹುಡುಗಿ ಹೇಳಿದಳು: ‘ಸರ್, ಪರೀಕ್ಷೆಗೆ ಮೊದಲು ಎರಡು ಬಸ್ ಹತ್ತಿ ಬಂದಿದ್ದೆ, ಬಾಗಿಲು ಹಾಕಿತ್ತು. ಸಮಯ ಎಲ್ಲಿ ಬರೆದಿದೆ ಅಂತ ಗೊತ್ತೇ ಆಗಲಿಲ್ಲ.’ ಅದನ್ನು ಬರೆಸಿದವನು ನಾನು ಅಂತ ಅವಳಿಗೆ ಹೇಳಿದೆ. ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

ಹೊಸ ಪುಟದಲ್ಲಿ ಮೇಲೇ ಒಂದು ದೊಡ್ಡ ಪೆಟ್ಟಿಗೆ, ‘ಪುಸ್ತಕ ಹುಡುಕಿ’. ಕೆಳಗೆ ‘ಇವತ್ತು ಇಷ್ಟು ಗಂಟೆವರೆಗೆ ತೆರೆದಿದೆ’. ಅಕ್ಷರ ದಪ್ಪಗೆ, ಮೊಬೈಲಿನಲ್ಲೂ ಕಾಣುವಂತೆ. ಪ್ರಿನ್ಸಿಪಾಲರ ಸಂದೇಶ ಎಲ್ಲಿರಬೇಕು ಅನ್ನುವುದರ ಬಗ್ಗೆ ಇನ್ನೂ ಮಾತುಕತೆ ನಡೀತಿದೆ, ಆ ಜಗಳಕ್ಕೆ ನಾನಿಲ್ಲ. ಕನ್ನಡ ಪುಸ್ತಕಗಳ ಹೆಸರನ್ನು ಕನ್ನಡದಲ್ಲೇ ಮತ್ತೆ ತುಂಬಿಸುವ ಕೆಲಸಕ್ಕೆ ಮಾತ್ರ ವಾರಕ್ಕೆ ಎರಡು ದಿನ ಹೋಗುತ್ತಿದ್ದೇನೆ. ಈಗ ‘ಕ’ ಮುಗಿದಿದೆ.

‘ಮ’ ಯಾವಾಗ ಬರುತ್ತೆ ಅಂತ ನಮ್ಮನೆ ಅಜ್ಜಿ ದಿನಾ ಕೇಳ್ತಾಳೆ.